ಜಠರದ ಹೆಲಿಕೋಬ್ಯಾಕ್ಟರ್ ಪೈಲೋರಿ ಸೋಂಕಿಗೆ ಸಂಯುಕ್ತ ಔಷಧ ಚಿಕಿತ್ಸೆ

ಜಠರದ ಹುಣ್ಣಿಗೆ ಖಾರದ ಊಟ, ಹೊತ್ತು ತಪ್ಪಿದ ಆಹಾರ ಹಾಗೂ ಚಿಂತೆಯೇ ಕಾರಣವೆಂಬ ನಂಬಿಕೆ ಬಹುಕಾಲದಿಂದ ಬೇರೂರಿದೆ. ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ವೈದ್ಯರಾದ ರಾಬಿನ್ ವಾರನ್ ಮತ್ತು ಬ್ಯಾರಿ ಮಾರ್ಷಲ್ ಅವರು 1982ರಲ್ಲಿ ಜಠರದ ಒಳಪದರದಿಂದ ಸುರುಳಿಯಾಕಾರದ ಬ್ಯಾಕ್ಟೀರಿಯಾ ಒಂದನ್ನು ಬೇರ್ಪಡಿಸಿ ಬೆಳೆಸಿದರು. ಇದೇ ಹೆಲಿಕೋಬ್ಯಾಕ್ಟರ್ ಪೈಲೋರಿ. ಈ ಸಂಶೋಧನೆಗಾಗಿ ಅವರಿಗೆ 2005ರಲ್ಲಿ ನೊಬೆಲ್ ಪ್ರಶಸ್ತಿ ಲಭಿಸಿತು. ಸೋಂಕುಳ್ಳ ಬಹುತೇಕ ಜನರಲ್ಲಿ ಯಾವ ಲಕ್ಷಣವೂ ಕಂಡುಬರುವುದಿಲ್ಲ. ಕೆಲವರಲ್ಲಿ ಮಾತ್ರ ಹುಣ್ಣು, ರಕ್ತಸ್ರಾವ ಮತ್ತು ಹಲವು ವರ್ಷಗಳ ನಂತರ ಜಠರದ ಕ್ಯಾನ್ಸರ್ ಉಂಟಾಗುವ ಸಂಭವವಿರುತ್ತದೆ.

ಒಂದೇ ಔಷಧದಿಂದ ಈ ಸೋಂಕು ನಿರ್ಮೂಲವಾಗುವುದು ಅಪರೂಪ. ರೋಗಾಣುವು ಜಠರದ ಲೋಳೆಯ ಪದರದಡಿ ಅಡಗಿರುತ್ತದೆ ಮತ್ತು ಅಮೋನಿಯಾ ಉತ್ಪಾದಿಸಿ ತನ್ನ ಸುತ್ತಲಿನ ಆಮ್ಲವನ್ನು ಶಮನಗೊಳಿಸಿಕೊಳ್ಳುತ್ತದೆ. ಅತ್ತ ಕೆಲವು ಆಂಟಿಬಯಾಟಿಕ್‌ಗಳು ಅದೇ ಆಮ್ಲದಲ್ಲಿ ತಮ್ಮ ಶಕ್ತಿಯನ್ನು ಕಳೆದುಕೊಳ್ಳುತ್ತವೆ. ಆದುದರಿಂದ ಆಮ್ಲ ತಗ್ಗಿಸುವ ಒಮೆಪ್ರಜೋಲ್ ಅಥವಾ ಪ್ಯಾಂಟೊಪ್ರಜೋಲ್‌ನಂತಹ ಔಷಧದೊಂದಿಗೆ ಕನಿಷ್ಠ ಎರಡು ಆಂಟಿಬಯಾಟಿಕ್‌ಗಳನ್ನು ಸೇರಿಸಿ ನೀಡುವುದು ವಾಡಿಕೆ.

ಕ್ಲಾರಿಥ್ರೋಮೈಸಿನ್ ಮತ್ತು ಅಮಾಕ್ಸಿಸಿಲಿನ್ ಒಳಗೊಂಡ ತ್ರಿವಳಿ ಚಿಕಿತ್ಸೆಯು ದೀರ್ಘಕಾಲ ಮೊದಲ ಆಯ್ಕೆಯಾಗಿತ್ತು. ಕ್ಲಾರಿಥ್ರೋಮೈಸಿನ್‌ಗೆ ಜಗ್ಗದ ರೋಗಾಣುಗಳು ಅನೇಕ ದೇಶಗಳಲ್ಲಿ ಹೆಚ್ಚಿರುವುದರಿಂದ ಅದರ ಭರವಸೆ ಈಗ ಕುಗ್ಗಿದೆ. ಯಾವ ಔಷಧಕ್ಕೆ ರೋಗಾಣು ಮಣಿಯುವುದೆಂದು ತಿಳಿಯದ ಸಂದರ್ಭದಲ್ಲಿ ಬಿಸ್ಮತ್, ಟೆಟ್ರಾಸೈಕ್ಲಿನ್, ಮೆಟ್ರೋನಿಡಜೋಲ್ ಮತ್ತು ಆಮ್ಲ ತಗ್ಗಿಸುವ ಔಷಧ ಸೇರಿದ ನಾಲ್ಕು ಔಷಧಗಳ ಚಿಕಿತ್ಸೆಯನ್ನು 14 ದಿನಗಳ ಕಾಲ ನೀಡುವಂತೆ ಇತ್ತೀಚಿನ ಮಾರ್ಗಸೂಚಿಗಳು ಸಲಹೆ ನೀಡುತ್ತವೆ. ಭೇದಿಗೆ ಮೆಟ್ರೋನಿಡಜೋಲ್, ಗಂಟಲುನೋವಿಗೆ ಅಜಿಥ್ರೋಮೈಸಿನ್ ಎಂದು ಔಷಧಿ ಅಂಗಡಿಯಲ್ಲಿ ತಾವೇ ಕೇಳಿ ಪಡೆಯುವ ರೂಢಿ ನಮ್ಮಲ್ಲಿದೆ. ರೋಗಾಣುಗಳ ಪ್ರತಿರೋಧ ಬೆಳೆಯಲು ಇದೂ ಒಂದು ಕಾರಣ. ಹಿಂದೆ ಸೇವಿಸಿದ ಇಂತಹ ಔಷಧಗಳನ್ನು, ಪೆನಿಸಿಲಿನ್ ಅಲರ್ಜಿ ಇದ್ದಲ್ಲಿ ಅದನ್ನು ಮತ್ತು ಗರ್ಭಿಣಿಯಾಗಿದ್ದಲ್ಲಿ ಆ ವಿಷಯವನ್ನು ವೈದ್ಯರಿಗೆ ಮುಂಚಿತವಾಗಿ ತಿಳಿಸತಕ್ಕದ್ದು.

ಚಿಕಿತ್ಸೆ ಆರಂಭಿಸಿದ ಕೆಲವೇ ದಿನಗಳಲ್ಲಿ ಹೊಟ್ಟೆನೋವು ಶಮನವಾಗಬಹುದು. ಇದು ಬಹುಮಟ್ಟಿಗೆ ಆಮ್ಲ ತಗ್ಗಿದ ಪರಿಣಾಮವೇ ಹೊರತು ಸೋಂಕು ನಿವಾರಣೆಯಾದ ಸೂಚನೆಯಲ್ಲ. ಈ ಹಂತದಲ್ಲಿ ಮಾತ್ರೆ ನಿಲ್ಲಿಸಿದರೆ ಪ್ರತಿರೋಧವುಳ್ಳ ರೋಗಾಣುಗಳು ಉಳಿದುಕೊಂಡು, ಮುಂದಿನ ಚಿಕಿತ್ಸೆ ಕಠಿಣವಾಗುತ್ತದೆ. ಬಾಯಿಯಲ್ಲಿ ಲೋಹದ ರುಚಿ, ವಾಕರಿಕೆ ಮತ್ತು ಸಡಿಲ ಭೇದಿ ಸಾಮಾನ್ಯ. ಬಿಸ್ಮತ್‌ನಿಂದ ನಾಲಿಗೆ ಹಾಗೂ ಮಲ ಕಪ್ಪಾಗುವುದರಿಂದ ಗಾಬರಿಪಡಬೇಕಾಗಿಲ್ಲ. ಆದರೆ ಮಲವು ಡಾಂಬರಿನಂತೆ ಅಂಟಾಗಿ ದುರ್ವಾಸನೆ ಬೀರುತ್ತಿದ್ದರೆ, ತಲೆಸುತ್ತು ಅಥವಾ ರಕ್ತವಾಂತಿ ಕಂಡುಬಂದರೆ ಅದು ರಕ್ತಸ್ರಾವವಿರಬಹುದು. ತಡಮಾಡದೆ ಆಸ್ಪತ್ರೆಗೆ ತೆರಳಬೇಕು. ಟೆಟ್ರಾಸೈಕ್ಲಿನ್ ಅನ್ನು ಹಾಲಿನೊಂದಿಗೆ ಸೇವಿಸಬಾರದು. ಮೆಟ್ರೋನಿಡಜೋಲ್ ಸೇವಿಸುವ ಅವಧಿಯಲ್ಲಿ ಮದ್ಯಪಾನ ಕೂಡದು.

ಸೋಂಕು ನಿವಾರಣೆಯಾಗಿದೆಯೇ ಎಂಬುದನ್ನು ಚಿಕಿತ್ಸೆ ಮುಗಿದು ಕನಿಷ್ಠ 4 ವಾರಗಳ ನಂತರ ಉಸಿರಿನ ಪರೀಕ್ಷೆ ಅಥವಾ ಮಲ ಪರೀಕ್ಷೆಯಿಂದ ಖಚಿತಪಡಿಸಿಕೊಳ್ಳಬೇಕು. ಪರೀಕ್ಷೆಗೆ ಮುನ್ನ ಆಮ್ಲ ತಗ್ಗಿಸುವ ಔಷಧವನ್ನು ವೈದ್ಯರ ಸಲಹೆಯಂತೆ 2 ವಾರ ನಿಲ್ಲಿಸಬೇಕಾಗುತ್ತದೆ. ರಕ್ತದ ಪ್ರತಿಕಾಯ ಪರೀಕ್ಷೆಯು ಸೋಂಕು ಹೋದ ಬಳಿಕವೂ ಬಹುಕಾಲ ಸೋಂಕಿದೆಯೆಂದೇ ತೋರಿಸಬಹುದಾದ್ದರಿಂದ ಈ ಉದ್ದೇಶಕ್ಕೆ ಉಪಯುಕ್ತವಲ್ಲ. ಸೋಂಕು ಉಳಿದಿದ್ದಲ್ಲಿ ಹಳೆಯ ಚೀಟಿಯ ಔಷಧಗಳನ್ನೇ ಮತ್ತೆ ಕೊಳ್ಳದೆ, ಆ ಚೀಟಿಯೊಂದಿಗೆ ವೈದ್ಯರನ್ನು ಕಾಣಬೇಕು; ಎರಡನೆಯ ಬಾರಿಗೆ ಸಾಮಾನ್ಯವಾಗಿ ಬೇರೆ ಆಂಟಿಬಯಾಟಿಕ್‌ಗಳನ್ನು ಆಯ್ಕೆ ಮಾಡಲಾಗುತ್ತದೆ.