ಚಿನ್ನದ ಬಣ್ಣ ಕೆರೆದವರು

ಅಮೆರಿಕದ ಮಿಷಿಗನ್ ರಾಜ್ಯದ ಕಲಮಜೂ ಪಟ್ಟಣದಲ್ಲಿದ್ದ ಗಿಬ್ಸನ್ ಕಂಪನಿ 1958ರಿಂದ 1960ರವರೆಗೆ ಒಂದು ಎಲೆಕ್ಟ್ರಿಕ್ ಗಿಟಾರನ್ನು ತಯಾರಿಸಿ, ಮಾರಲು ಹೆಣಗಿತು. ಅದರ ಹೆಸರು ಲೆಸ್ ಪಾಲ್ ಸ್ಟ್ಯಾಂಡರ್ಡ್. ಅಂಚಿನಲ್ಲಿ ಚೆರ್ರಿ ಹಣ್ಣಿನ ಕೆಂಪು, ನಡುವೆ ಹಳದಿ. ಸಂಜೆಯ ಆಕಾಶದಂಥ ಈ ಬಣ್ಣವನ್ನು ‘ಸನ್‌ಬರ್ಸ್ಟ್’ ಎನ್ನುತ್ತಾರೆ. ಅಂಗಡಿ ಬೆಲೆ ಸುಮಾರು 265 ಡಾಲರ್. ಒಟ್ಟು ತಯಾರಾದವು ಒಂದೂವರೆ ಸಾವಿರದಷ್ಟು. ಗಿರಾಕಿಗಳಿಲ್ಲವೆಂದು 1961ರ ಹೊತ್ತಿಗೆ ಕಂಪನಿ ಆ ಆಕಾರವನ್ನೇ ಕೈಬಿಟ್ಟಿತು. ಇಂದು ಅವುಗಳಲ್ಲಿ ಒಂದು ಸುಸ್ಥಿತಿಯಲ್ಲಿ ಸಿಕ್ಕರೆ ಬೆಲೆ ಎರಡು ಲಕ್ಷ ಡಾಲರನ್ನೂ ದಾಟುತ್ತದೆ.

ಈ ಭಾಗ್ಯ ತಿರುಗಿದ್ದು ಇಂಗ್ಲೆಂಡಿನಲ್ಲಿ. 1966ರಲ್ಲಿ ಜಾನ್ ಮೇಯಲ್ ತಂಡದ ಧ್ವನಿಮುದ್ರಿಕೆಯಲ್ಲಿ ಎರಿಕ್ ಕ್ಲಾಪ್ಟನ್ ಎಂಬ ತರುಣ ಇಂಥದೇ ಗಿಟಾರನ್ನು ಆಂಪ್ಲಿಫೈಯರಿಗೆ ಜೋಡಿಸಿ, ಧ್ವನಿಯನ್ನು ಪೂರ್ತಿ ಏರಿಸಿ ನುಡಿಸಿದ. ಆ ತುಂಬು ದನಿಗೆ ಒಂದು ತಲೆಮಾರೇ ಮರುಳಾಯಿತು. (ಆ ಗಿಟಾರು ಅದೇ ವರ್ಷ ಕಳವಾಯಿತು.) ಕಂಪನಿ 1968ರಲ್ಲಿ ಲೆಸ್ ಪಾಲ್ ತಯಾರಿಕೆಯನ್ನು ಮತ್ತೆ ಆರಂಭಿಸಿತಾದರೂ ವಾದಕರಿಗೆ ಬೇಕಾಗಿದ್ದುದು ಹಳೆಯದೇ.

ಬೇಡಿಕೆ ಸಾವಿರಾರು, ಇರುವುದು ನೂರಾರು ಎಂದಾಗ ಕೆಲವರ ಕಣ್ಣು ಅದರ ಒಡಹುಟ್ಟಿನ ಮೇಲೆ ಬಿತ್ತು. 1952ರಲ್ಲಿ ಮೊದಲು ಬಂದ ಲೆಸ್ ಪಾಲ್‌ಗಳಿಗೆ ಬಳಿಯುತ್ತಿದ್ದುದು ಚಿನ್ನದ ಬಣ್ಣ. 1957ರಲ್ಲಿ ಇವಕ್ಕೂ ಸೆತ್ ಲವರ್ ರೂಪಿಸಿದ ಜೋಡಿ ಸುರುಳಿಯ ‘ಹಂಬಕರ್’ ಪಿಕಪ್ ಬಂತು. ತಂತಿಯ ಕಂಪನವನ್ನು ವಿದ್ಯುತ್ತಾಗಿಸುವ ಈ ಸಾಧನವೇ ಆ ದನಿಯ ಗುಟ್ಟು. ಕೆಳಗೆ ಮಹಾಗನಿ, ಮೇಲೆ ಮೇಪಲ್, ಅದೇ ಪಿಕಪ್, ವ್ಯತ್ಯಾಸ ಬಣ್ಣದ್ದಷ್ಟೆ. ಚಿನ್ನವನ್ನು ಕೆರೆದು ತೆಗೆದು ಕೆಂಪು ಹಳದಿ ಬಳಿದರೆ ಆಯಿತಲ್ಲ! ಹೀಗೆ ಎಷ್ಟೋ ಗಿಟಾರುಗಳು ವೇಷ ಬದಲಿಸಿದವು. ಇದೆಲ್ಲವನ್ನೂ ಮೋಸವೆನ್ನಲಾಗದು. ನುಡಿಸುವ ಆಸೆಗೆ ಮಾಡಿಸಿಕೊಂಡು ಅದನ್ನು ಮುಚ್ಚಿಡದವರೂ ಇದ್ದರು. ಆದರೆ ಗಿಟಾರು ಮೂರನೆಯ, ನಾಲ್ಕನೆಯ ಕೈಗೆ ಹೋಗುವಾಗ ಆ ಮಾತು ಜೊತೆಯಲ್ಲಿ ಹೋಗುವುದಿಲ್ಲ. ಕೊಳ್ಳುವವನು ಸಿಕ್ಕಿಬೀಳುವುದು ಅಲ್ಲಿಯೇ.

ಇದನ್ನು ಪತ್ತೆಹಚ್ಚುವುದು ಹೇಗೆ? ಎಲ್ಲರೂ ಮೊದಲು ನೋಡುವುದು ತಲೆಯ ಹಿಂಭಾಗದಲ್ಲಿ ಶಾಯಿಯಿಂದ ಒತ್ತಿದ ಕ್ರಮಸಂಖ್ಯೆಯನ್ನು. ಅದರ ಮೊದಲ ಅಂಕಿ ತಯಾರಾದ ವರ್ಷದ ಕೊನೆಯ ಅಂಕಿ: 8 ಎಂದರೆ 1958, 9 ಎಂದರೆ 1959. ಆದರೆ 1958ರಲ್ಲಿ ಮೊದಲು ಚಿನ್ನದ ಬಣ್ಣದವು, ಆಮೇಲೆ ಸನ್‌ಬರ್ಸ್ಟ್ ಎರಡೂ ತಯಾರಾದವು. ಆದ್ದರಿಂದ ಸಂಖ್ಯೆ ಅಪ್ಪಟವಾಗಿದ್ದರೂ ಬಣ್ಣ ಅಪ್ಪಟವೆಂದು ಹೇಳಲಾಗದು. ಅದಕ್ಕಿಂತ ಮರವೇ ಹೆಚ್ಚು ಹೇಳುತ್ತದೆ. ಸನ್‌ಬರ್ಸ್ಟ್ ಬಣ್ಣದೊಳಗಿಂದ ಮರದ ಎಳೆ ಕಾಣುವುದರಿಂದ ಕಾರ್ಖಾನೆಯವರು ಎರಡು ಹಲಗೆಗಳನ್ನು ನಟ್ಟನಡುವೆ ಕೂಡಿಸುತ್ತಿದ್ದರು. ಚಿನ್ನದ ಬಣ್ಣ ಎಲ್ಲವನ್ನೂ ಮುಚ್ಚುತ್ತಿತ್ತು. ಅದರಡಿ ಮೂರು ತುಂಡುಗಳಿದ್ದರೂ, ಬೆಸೆದ ಗೆರೆ ಪಕ್ಕಕ್ಕೆ ಸರಿದಿದ್ದರೂ ಕೇಳುವವರಿರಲಿಲ್ಲ. ಸನ್‌ಬರ್ಸ್ಟ್ ಎಂದು ಮಾರುವ ಗಿಟಾರಿನಲ್ಲಿ ಆ ಗೆರೆ ನಡುವೆ ಇಲ್ಲದಿದ್ದರೆ ಅನುಮಾನಿಸಲೇಬೇಕು.

ಇನ್ನೊಂದು ಸಾಕ್ಷಿ ಪಿಕಪ್‌ಗಳ ಅಡಿಯಲ್ಲಿದೆ. ಆ ಚಿನ್ನ ನಿಜವಾಗಿ ಕಂಚಿನ ಪುಡಿ. ಕಾಲಕ್ರಮದಲ್ಲಿ ಅದು ನಮ್ಮ ಅಟ್ಟದ ಹಿತ್ತಾಳೆ ಪಾತ್ರೆಯಂತೆ ಕಿಲುಬು ಹಿಡಿದು ಹಸಿರಾಗುತ್ತದೆ. ಎಷ್ಟೇ ಉಜ್ಜಿದರೂ ಪಿಕಪ್ ಕೂರುವ ಗುಳಿಯ ಅಂಚಿನಲ್ಲಿ ಒಂದಿಷ್ಟು ಉಳಿದುಬಿಡುವುದುಂಟು. ಖೋಟಾ ನೋಟು ಪತ್ತೆಗೆ ಬ್ಯಾಂಕಿನಲ್ಲಿ ಬಳಸುವಂಥ ನೇರಳಾತೀತ ದೀಪವೂ ನೆರವಾಗುತ್ತದೆ. ಹಳೆಯ ಲ್ಯಾಕರ್ ಅದರ ಕೆಳಗೆ ಹಸಿರು ಮಿಶ್ರಿತ ಹಳದಿಯಾಗಿ ಹೊಳೆಯುತ್ತದೆ, ಹೊಸತಾಗಿ ಬಳಿದದ್ದು ಹಾಗೆ ಹೊಳೆಯುವುದಿಲ್ಲ. ಧ್ವನಿಯನ್ನು ಏರಿಸಿ ಇಳಿಸುವ ಗುಂಡಿಗಳ ಕೆಳಗಿನ ಬಿಡಿಭಾಗದ ಮೇಲೆ ತಯಾರಕ, ವರ್ಷ, ವಾರವನ್ನು ಸೂಚಿಸುವ ಅಂಕಿಗಳಿರುತ್ತವೆ. ಗಿಟಾರು ಅದಕ್ಕಿಂತ ಹಳೆಯದೆಂದು ಮಾರುವವನು ಹೇಳಿದರೆ ಒಂದೋ ಅದು ರಿಪೇರಿಯಲ್ಲಿ ಬದಲಾಗಿದೆ, ಇಲ್ಲವೇ ಮಾತು ಸುಳ್ಳು. ಬೆಸುಗೆ ಕೆದಕಿದಂತಿದೆಯೇ ಎಂದು ನೋಡಿದರೆ ಯಾವುದೆಂದು ಊಹಿಸಬಹುದು.

1993ರಿಂದ ಕಂಪನಿಯೇ ಹಳೆಯ ಮಾದರಿಯ ಮರುತಯಾರಿಕೆಯನ್ನು ಮಾರುಕಟ್ಟೆಗೆ ಬಿಟ್ಟಿದ್ದರಿಂದ ಗೊಂದಲ ಹೆಚ್ಚಿತು. ಅದನ್ನು ತಿಕ್ಕಿ ತೀಡಿ ಮುಪ್ಪು ಬರಿಸಿ 1959ರದ್ದೆಂದು ಮಾರುವವನ ಗುಟ್ಟು ಬಿಟ್ಟುಕೊಡುವುದು ಕೆಲವೊಮ್ಮೆ ಬೀಟೆ ಮರ! ಹಳೆಯವುಗಳಲ್ಲಿ ಬೆರಳಾಡುವ ಹಲಗೆ ಬ್ರೆಜಿಲಿನ ರೋಸ್‌ವುಡ್‌ನದು. 1992ರಲ್ಲಿ ಆ ಮರದ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿಷೇಧ ಬಿದ್ದಿತು. ಮರುತಯಾರಿಕೆಗಳಲ್ಲಿ ಬಹುಪಾಲು ಇರುವುದು ಭಾರತದ ರೋಸ್‌ವುಡ್, ಎಂದರೆ ನಮ್ಮ ಮಲೆನಾಡಿನಲ್ಲೂ ಬೆಳೆಯುವ ಬೀಟೆಯ ಜಾತಿ.

ಪೂರ್ತಿ ಖೋಟಾ ಗಿಟಾರುಗಳ ಮಾತು ಬೇರೆ. ಗಿಬ್ಸನ್ ಹೆಸರನ್ನೇ ಅಂಟಿಸಿಕೊಂಡು ಚೀನಾದಿಂದ ಬರುವ ಇವುಗಳಲ್ಲಿ ತಲೆಯ ಮೇಲಿನ ಗಂಟೆಯಾಕಾರದ ಮುಚ್ಚಳಕ್ಕೆ ಎಷ್ಟೋ ಸಲ ಮೂರು ತಿರುಪುಗಳಿರುತ್ತವೆ, ಅಸಲಿಯಲ್ಲಿ ಇರುವುದು ಎರಡೇ. ಇಂಥವನ್ನು ಸ್ವಲ್ಪ ಎಚ್ಚರವಿದ್ದವನೂ ಗುರುತಿಸಬಲ್ಲ. ಕಷ್ಟವಿರುವುದು ಮುಕ್ಕಾಲು ಪಾಲು ಅಸಲಿಯಾಗಿರುವುದರಲ್ಲಿ. ಆದ್ದರಿಂದ ಹಣ ಕೊಡುವ ಮೊದಲು ಪಿಕಪ್ ಬಿಚ್ಚಿ ತೋರಿಸಲು ಕೇಳಬೇಕು. ಒಪ್ಪದಿದ್ದರೆ ಕೊಳ್ಳುವುದು ಬೇಡ.

ಇದರಲ್ಲಿ ನಷ್ಟ ಕೊಂಡವನದು ಮಾತ್ರವಲ್ಲ. 1957ರ ಚಿನ್ನದ ಬಣ್ಣದ ಗಿಟಾರುಗಳಿಗೂ ಈಗ ಭಾರಿ ಬೆಲೆ ಬಂದಿದೆ. ಅಂದು ಕೆರೆಸಿದ್ದನ್ನು ಇಂದು ಮತ್ತೆ ಚಿನ್ನದ ಬಣ್ಣಕ್ಕೆ ತಿರುಗಿಸಿದರೂ ಪ್ರಯೋಜನ ಅಷ್ಟಕ್ಕಷ್ಟೆ: ಮರುಬಣ್ಣ ಕಂಡ ಹಳೆಯ ಗಿಟಾರಿಗೆ ಸಿಗುವುದು ಸುಮಾರು ಅರ್ಧ ಬೆಲೆ ಎಂಬುದು ಆ ಮಾರುಕಟ್ಟೆಯ ರೂಢಿ.