ಕೈ ಮಾಡಿದ ಚಿಕಿತ್ಸೆ

ಜ್ವರ ಬಿಟ್ಟರೂ ಜ್ವರದ ನೆರಳು ಬಿಡುವುದಿಲ್ಲ. 2021ರಲ್ಲಿ ಕೋವಿಡ್ ನನ್ನನ್ನು ಹತ್ತು ದಿನ ಹಾಸಿಗೆಗೆ ಕೆಡವಿತು; ಅದು ತೊಲಗಿದ ಮೇಲೂ ತಿಂಗಳುಗಟ್ಟಲೆ, ಒಂದು ಗಂಟೆ ಪಾಠ ಹೇಳಿದರೆ ಕುರ್ಚಿ ಹುಡುಕುವಂತಾಗುತ್ತಿತ್ತು. ಪರೀಕ್ಷೆಗಳಲ್ಲಿ ಏನೂ ಸಿಕ್ಕಲಿಲ್ಲ. ಆರನೆಯ ತಿಂಗಳಲ್ಲಿ ಮಿತ್ರರೊಬ್ಬರು, "ಬೆನ್ನುಮೂಳೆ ಸರಿಮಾಡಿಸಿಕೊಳ್ಳಿ, ದಣಿವು ಹೋದೀತು" ಎಂದು ಕೈರೋಪ್ರಾಕ್ಟಿಕ್ ಚಿಕಿತ್ಸೆಯ ಹೆಸರು ಹೇಳಿದರು. ಹೋಗುವ ಮುನ್ನ ಅದರ ಚರಿತ್ರೆಯನ್ನು ಓದಲು ಕುಳಿತೆ, ಮೇಷ್ಟರ ಚಟ.

ಕಥೆಯ ಆರಂಭ ಅಮೆರಿಕದ ಅಯೋವಾ ಪ್ರಾಂತದ ಡೇವನ್‌ಪೋರ್ಟಿನಲ್ಲಿ, 1895ರಲ್ಲಿ. ನಾಯಕನ ಹೆಸರು ಡಿ. ಡಿ. ಪಾಮರ್, ಕನ್ನಡದ ಪಂಡಿತರು ನಗಬಾರದು. ದಿನಸಿ ವ್ಯಾಪಾರ ಮಾಡಿ, ಬಳಿಕ ಕಾಂತಶಕ್ತಿಯಿಂದ ರೋಗ ಗುಣಪಡಿಸಲು ಹೊರಟಿದ್ದವನು ಆತ. ಅದೇ ಕಟ್ಟಡದಲ್ಲಿ ಕೆಲಸಕ್ಕಿದ್ದ ಹಾರ್ವೆ ಲಿಲಾರ್ಡ್ ಎಂಬ ಕಿವುಡನ ಬೆನ್ನೆಲುಬನ್ನು ಒತ್ತಿದಾಗ ಅವನಿಗೆ ಕಿವಿ ಕೇಳಿಸಿತಂತೆ. ಅಲ್ಲಿಂದ ಪಾಮರ್ ಸಿದ್ಧಾಂತಕ್ಕೇ ಜಿಗಿದ: ನೂರಕ್ಕೆ 95 ರೋಗಗಳಿಗೆ ಸ್ಥಾನ ತಪ್ಪಿದ ಬೆನ್ನೆಲುಬೇ ಮೂಲ! 'ಕೈಯಿಂದ ಮಾಡಿದ್ದು' ಎಂಬರ್ಥದ ಗ್ರೀಕ್ ಹೆಸರೂ ಬಂತು. 1897ರಲ್ಲಿ ಪಾಠಶಾಲೆಯಾಯಿತು, 1906ರಲ್ಲಿ, ಪರವಾನಗಿಯಿಲ್ಲದೆ ವೈದ್ಯ ಮಾಡಿದ್ದಕ್ಕೆ ಸೆರೆಮನೆಯೂ ಆಯಿತು.

1918ರ ಇನ್‌ಫ್ಲುಯೆಂಜಾ ಲೋಕದ ಮೂರರಲ್ಲೊಂದು ಪಾಲು ಜನಕ್ಕೆ ತಗುಲಿತು. ಸತ್ತವರು ಸುಮಾರು 5 ಕೋಟಿ ಎಂದು ಅಂದಾಜು. ವೈದ್ಯರ ಕೈಯಲ್ಲಿ ತಕ್ಕ ಮದ್ದಿರಲಿಲ್ಲ. ಆ ರೋಗದ ವೈರಸ್ಸನ್ನು ಮನುಷ್ಯನಿಂದ ಬೇರ್ಪಡಿಸಿದ್ದೇ 1933ರಲ್ಲಿ. ಆ ಬರಿದಾದ ಜಾಗಕ್ಕೆ ಕೈರೋಪ್ರಾಕ್ಟರುಗಳು ಬಂದು, ತಮ್ಮಲ್ಲಿ ಸತ್ತವರು ಬಹಳ ಕಡಮೆಯೆಂದು ಸಾರಿದರು. ಆದರೆ ಅವರ ಬಳಿಗೆ ಎಂಥ ರೋಗಿಗಳು ಬಂದರು, ಆಸ್ಪತ್ರೆಗೆ ಎಂಥವರು ಹೋದರು ಎಂಬುದನ್ನು ಆ ಲೆಕ್ಕ ತೂಗಿರಲಿಲ್ಲ.

ಎದುರು ಪಕ್ಷವೂ ನಿರ್ದೋಷಿಯಲ್ಲ. ಅಮೆರಿಕದ ವೈದ್ಯಸಂಘ ಇವರಿಗೆ ಹಾಕಿದ್ದ ಬಹಿಷ್ಕಾರ ಕಾನೂನುಬಾಹಿರವೆಂದು 1987ರಲ್ಲಿ ನ್ಯಾಯಾಲಯ ತೀರ್ಪಿತ್ತಿತು. ಆದರೆ ಬಹಿಷ್ಕಾರ ತಪ್ಪೆಂದ ಮಾತ್ರಕ್ಕೆ ಸಿದ್ಧಾಂತ ಸರಿಯಾಗುವುದಿಲ್ಲ. ಸೊಂಟನೋವಿಗೆ ಈ ಚಿಕಿತ್ಸೆಯಿಂದ ತಕ್ಕಮಟ್ಟಿನ ಉಪಶಮನ ಉಂಟು. ವೈರಸ್ ಬಿಟ್ಟುಹೋದ ದಣಿವಿಗೆ ಇದು ಮದ್ದೆನ್ನಲು ನಂಬತಕ್ಕ ಪುರಾವೆಯಿಲ್ಲ. ಕುತ್ತಿಗೆಯನ್ನು ಥಟ್ಟನೆ ತಿರುಗಿಸಿದಾಗ, ಅಪರೂಪಕ್ಕಾದರೂ, ರಕ್ತನಾಳ ಹರಿದು ಪಾರ್ಶ್ವವಾಯು ತಗುಲಿದ ಪ್ರಸಂಗಗಳುಂಟು.

ಆದರೂ ಜನ ಅಲ್ಲಿಗೇಕೆ ಹೋಗುತ್ತಾರೆಂಬುದು ನನಗೆ ತಿಳಿಯಿತು. 'ನಿಮಗೇನೂ ಇಲ್ಲ' ಎಂಬ ಮಾತು ಕೇಳಿ ಬೇಸತ್ತವನಿಗೆ, ಮೈಮುಟ್ಟಿ 'ಇಲ್ಲಿದೆ ನೋಡಿ' ಎನ್ನುವ ಕೈ ದೇವರ ಕೈಯಂತೆ ತೋರುತ್ತದೆ.

ನಾನು ಹೋಗಲಿಲ್ಲ. ದಣಿಯುವ ಮುನ್ನವೇ ಕೂರುವುದನ್ನು ಕಲಿತೆ. ಏಳನೆಯ ತಿಂಗಳಲ್ಲಿ ತ್ರಾಣ ತಾನಾಗಿ ಮರಳತೊಡಗಿತು. ಆರನೆಯ ತಿಂಗಳಲ್ಲಿ ಹೋಗಿದ್ದರೆ? ಆ ಕೀರ್ತಿಯೆಲ್ಲ ಬೆನ್ನು ಒತ್ತಿದ ಕೈಗೆ ಸಲ್ಲುತ್ತಿತ್ತು. ನಾನೂ ಇನ್ನೊಬ್ಬ ಲಿಲಾರ್ಡನಾಗಿ ಊರೆಲ್ಲ ಸಾಕ್ಷಿ ಹೇಳುತ್ತಿದ್ದೆ, ಅದೂ ಪ್ರಾಮಾಣಿಕವಾಗಿ.