ಗಿರಾಕಿಯ ಆಸ್ತಿ ವರ್ತಕನ ಪಾಲಾದಾಗ

ಚೀನಾದ ಶಾಂಘೈ ನಗರದಲ್ಲಿ ಹಣ್ಣು ಮಾರಿ ಜೀವಿಸುತ್ತಿದ್ದ ಒಬ್ಬ ಸಣ್ಣ ವ್ಯಾಪಾರಿಗೆ ವೃದ್ಧ ಗಿರಾಕಿಯೊಬ್ಬರು ತಮ್ಮ ಮನೆಯನ್ನೂ ಉಳಿತಾಯದ ಹಣವನ್ನೂ ಬರೆದುಕೊಟ್ಟ ಸಂಗತಿ 2020ರಲ್ಲಿ ಬೆಳಕಿಗೆ ಬಂದಿತು. ಅದರ ಬೆಲೆ 30 ಲಕ್ಷ ಯುವಾನ್‌ಗೂ ಹೆಚ್ಚು. ಆ ವೃದ್ಧರು ಪತ್ನಿಯನ್ನೂ ಮಗನನ್ನೂ ಕಳೆದುಕೊಂಡು ಒಂಟಿಯಾಗಿದ್ದವರು. ಅಂಗಡಿಯ ಮುಂದಿನ ಮಾತುಕತೆಯಿಂದ ಆರಂಭವಾದ ಪರಿಚಯ ಕಾಯಿಲೆ ಕಸಾಲೆಯಲ್ಲಿ ಆರೈಕೆಗೆ ಬೆಳೆಯಿತು. ಕೊನೆಗೆ ವ್ಯಾಪಾರಿಯ ಸಂಸಾರವೆಲ್ಲ ವೃದ್ಧರ ಕರೆಯ ಮೇರೆಗೆ ಅವರ ಮನೆಯಲ್ಲಿಯೇ ನೆಲೆಸಿತು. 2017ರಲ್ಲಿ ಇಬ್ಬರೂ ನೋಟರಿಯ ಸಮ್ಮುಖದಲ್ಲಿ ಒಪ್ಪಂದ ಮಾಡಿಕೊಂಡರು. 2021ರ ಕೊನೆಯಲ್ಲಿ ವೃದ್ಧರು ತೀರಿಕೊಂಡರು. ಅವರ ಬುದ್ಧಿ ಸ್ತಿಮಿತದಲ್ಲಿರಲಿಲ್ಲವೆಂದು ಬಂಧುಗಳು ತಕರಾರು ತೆಗೆದರಾದರೂ ನ್ಯಾಯಾಲಯವು ವ್ಯಾಪಾರಿಯ ಪರವಾಗಿ ತೀರ್ಪು ನೀಡಿತು.

ಇಲ್ಲಿ ಓದುಗರು ಒಂದು ಸೂಕ್ಷ್ಮವನ್ನು ಗಮನಿಸಬೇಕು. ಇದು ಬರಿಯ ಉಯಿಲಾಗಿರಲಿಲ್ಲ. ವಾರಸುದಾರನಲ್ಲದವನೊಬ್ಬನು ವೃದ್ಧರನ್ನು ಬದುಕಿರುವವರೆಗೆ ಪೋಷಿಸಿ, ಮರಣಾನಂತರ ಅಂತ್ಯಸಂಸ್ಕಾರ ನಡೆಸಿ, ಅದಕ್ಕೆ ಪ್ರತಿಯಾಗಿ ಆಸ್ತಿ ಪಡೆಯುವ ಕರಾರನ್ನು ಚೀನಾದ 1985ರ ಉತ್ತರಾಧಿಕಾರ ಕಾಯಿದೆಯೇ ಮಾನ್ಯ ಮಾಡಿತ್ತು. 2021ರಲ್ಲಿ ಜಾರಿಗೆ ಬಂದ ನಾಗರಿಕ ಸಂಹಿತೆಯೂ ಅದನ್ನು ಉಳಿಸಿಕೊಂಡಿದೆ. ನಮ್ಮ ವರ್ತಕರ ಭಾಷೆಯಲ್ಲಿ ಹೇಳುವುದಾದರೆ ಜಮಾ ಮತ್ತು ಖರ್ಚು ಎರಡೂ ಒಂದೇ ಪುಟದಲ್ಲಿ ಕಾಣುವ ಲೆಕ್ಕವಿದು. ಜಮಾ ಮಾತ್ರ ಕಂಡು ಖರ್ಚು ಕಾಣದಿರುವಲ್ಲಿ ಲೋಕಕ್ಕೆ ಸಂಶಯ ಹುಟ್ಟುತ್ತದೆ.

ಈ ಸಂಶಯ ಬಹು ಹಳೆಯದು. ಪ್ರಾಚೀನ ರೋಮ್‌ನಲ್ಲಿ ಮಕ್ಕಳಿಲ್ಲದ ಸಿರಿವಂತ ಮುದುಕರನ್ನು ಓಲೈಸಿ ಉಯಿಲಿನಲ್ಲಿ ಹೆಸರು ಸೇರಿಸಿಕೊಳ್ಳುವುದೇ ಕೆಲವರ ಕಸುಬಾಗಿತ್ತು. ಕವಿ ಹೊರೇಸ್ ಅಂಥವರನ್ನು ವಿಡಂಬಿಸಿದ್ದಾನೆ. ಕಿರಿಯ ಪ್ಲಿನಿಯ ಪತ್ರವೊಂದರಲ್ಲಿ ಬರುವ ರೆಗುಲಸ್ ಎಂಬ ವಕೀಲನ ಕಥೆಯಂತೂ ನಗು ಮತ್ತು ಜುಗುಪ್ಸೆಗಳನ್ನು ಒಟ್ಟಿಗೆ ತರಿಸುತ್ತದೆ. ಔರೇಲಿಯಾ ಎಂಬ ಗೌರವಸ್ಥ ಮಹಿಳೆ ತನ್ನ ಉಯಿಲಿಗೆ ಮುದ್ರೆಯೊತ್ತುವ ದಿನ ಬೆಲೆಬಾಳುವ ಉಡುಪು ಧರಿಸಿದ್ದಳು. ಅಲ್ಲಿಗೆ ಬಂದ ರೆಗುಲಸ್ ಆ ಉಡುಪನ್ನೇ ತನಗೆ ಬರೆದುಕೊಡಬೇಕೆಂದು ಕೇಳಿದನು. ಆಕೆ ವಿನೋದವೆಂದು ಭಾವಿಸಿದಳು. ಆತನು ಬಿಡಲಿಲ್ಲ, ಉಯಿಲಿನ ಹಲಗೆಗಳನ್ನು ಬಿಚ್ಚಿಸಿ, ಎದುರಿನಲ್ಲಿಯೇ ಬರೆಯಿಸಿ, ಬರೆದದ್ದು ಸರಿಯಾಗಿದೆಯೇ ಎಂದು ನೋಡಿಯೂ ಬಿಟ್ಟನು. ಪ್ಲಿನಿ ಪತ್ರ ಬರೆಯುವಾಗ ಔರೇಲಿಯಾ ಇನ್ನೂ ಬದುಕಿಯೇ ಇದ್ದಳು!

ನಮ್ಮ ದೇಶದಲ್ಲಿ ವಾರಸುದಾರರಿಲ್ಲದವರ ಸೊತ್ತಿಗೆ ಮುಖ್ಯ ಹಕ್ಕುದಾರನಾಗಿ ನಿಂತವನು ಅರಸನು. ಕಾಳಿದಾಸನ ಶಾಕುಂತಲ ನಾಟಕದಲ್ಲಿ ಹಡಗು ಮುಳುಗಿ ಸತ್ತ ಧನಮಿತ್ರನೆಂಬ ವರ್ತಕನ ಸಂಪತ್ತು ದುಷ್ಯಂತನ ಬೊಕ್ಕಸಕ್ಕೆ ಸೇರುವುದರಲ್ಲಿರುತ್ತದೆ. ಆತನ ಪತ್ನಿಯರಲ್ಲಿ ಯಾರಾದರೂ ಗರ್ಭಿಣಿಯಿರುವಳೇ ಎಂದು ಅರಸನು ವಿಚಾರಿಸುತ್ತಾನೆ. ಹನ್ನೆರಡನೆಯ ಶತಮಾನದ ಗುಜರಾತಿನಲ್ಲಿ ಆಚಾರ್ಯ ಹೇಮಚಂದ್ರರ ಶಿಷ್ಯನಾದ ಕುಮಾರಪಾಲನು ಮಕ್ಕಳಿಲ್ಲದೆ ಸತ್ತವರ ಧನವನ್ನು ವಶಪಡಿಸಿಕೊಳ್ಳುವ ಪದ್ಧತಿಯನ್ನೇ ಕೈಬಿಟ್ಟನೆಂದು ಜೈನ ಗ್ರಂಥಗಳು ಕೊಂಡಾಡುತ್ತವೆ. ಅಳುವ ವಿಧವೆಯ ಹಣವದು ಎಂಬ ಅರಿವೇ ಆ ತ್ಯಾಗದ ಮೂಲ.

ಇಂದು ನಮ್ಮಲ್ಲಿ ಈ ವಿಷಯವನ್ನು ನಿರ್ಣಯಿಸುವುದು 1925ರ ಭಾರತೀಯ ಉತ್ತರಾಧಿಕಾರ ಕಾಯಿದೆ. ಉಯಿಲಿಗೆ ಕನಿಷ್ಠ ಇಬ್ಬರು ಸಾಕ್ಷಿಗಳು ಬೇಕೆಂಬ ಅದರ ನಿಯಮ ಜೈನರಿಗೂ ಅನ್ವಯಿಸುತ್ತದೆ. ಆದರೆ ಸಾಕ್ಷಿಗಳ ಸಹಿಯಿಂದಲೇ ಎಲ್ಲವೂ ಮುಗಿಯದೆಂಬುದನ್ನು ತೋರಿಸಿಕೊಟ್ಟದ್ದು ನಮ್ಮ ಮೈಸೂರು ಸೀಮೆಯಿಂದ ಹೋದ ಒಂದು ವ್ಯಾಜ್ಯ: ವೆಂಕಟಾಚಲ ಅಯ್ಯಂಗಾರ್ ಮತ್ತು ತಿಮ್ಮಾಜಮ್ಮ ಅವರ ಪ್ರಕರಣ. 1958ರಲ್ಲಿ ನ್ಯಾಯಮೂರ್ತಿ ಗಜೇಂದ್ರಗಡ್ಕರ್ ಅವರು ಬರೆದ ಸರ್ವೋಚ್ಚ ನ್ಯಾಯಾಲಯದ ತೀರ್ಪು ಇಂದಿಗೂ ಉಲ್ಲೇಖಗೊಳ್ಳುತ್ತದೆ. ಉಯಿಲನ್ನು ಮುಂದಿಡುವವನೇ ಅದನ್ನು ಬರೆಯಿಸುವಲ್ಲಿ ಮುಂದಾಗಿ ನಿಂತಿದ್ದು, ಅದರಿಂದ ಗಣನೀಯ ಲಾಭವನ್ನೂ ಪಡೆಯುವುದಾದರೆ, ಅದು ಸಂಶಯಾಸ್ಪದ ಸನ್ನಿವೇಶ. ಆ ಸಂಶಯವನ್ನು ನಿವಾರಿಸಿ ನ್ಯಾಯಾಲಯದ ಅಂತಃಸಾಕ್ಷಿಗೆ ಒಪ್ಪಿಗೆಯಾಗುವಂತೆ ಮಾಡುವ ಹೊಣೆ ಅವನದೇ. ಆ ಪ್ರಕರಣದ ಉಯಿಲು ಕೊನೆಗೂ ಊರ್ಜಿತವಾಗಲಿಲ್ಲ. ವೃದ್ಧ ದಾನಿಗಳ ಮನೆಗೆ ಛಾಪಾ ಕಾಗದ ಹಿಡಿದು ಹೋಗುವ ಬಸದಿ ಸಮಿತಿಯವರೂ ಇದನ್ನು ಓದಿಕೊಳ್ಳುವುದು ಒಳಿತು. ಜೀವಂತವಿರುವಾಗಲೇ ಕೊಡುವ ದಾನಪತ್ರದ ವಿಷಯದಲ್ಲಿ 2007ರ ಹಿರಿಯ ನಾಗರಿಕರ ಕಾಯಿದೆ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ: ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಆಸ್ತಿ ಪಡೆದು ನೋಡಿಕೊಳ್ಳದಿದ್ದರೆ ಆ ವರ್ಗಾವಣೆಯನ್ನು ರದ್ದುಗೊಳಿಸಬಹುದು.

ಇಷ್ಟನ್ನೆಲ್ಲ ಓದುವಾಗ ನಮ್ಮ ತಂದೆಯವರ ಜವಳಿ ಅಂಗಡಿಯ ಒಂದು ಪ್ರಸಂಗ ನೆನಪಾಗುತ್ತದೆ. ನಾನಾಗ ಶಾಲಾಬಾಲಕ. ಮಕ್ಕಳಿಲ್ಲದ ವಿಧವೆಯೊಬ್ಬರು ಬಹುಕಾಲದಿಂದ ನಮ್ಮಲ್ಲಿಯೇ ಕಡದ ಲೆಕ್ಕದಲ್ಲಿ ಬಟ್ಟೆ ಕೊಳ್ಳುತ್ತಿದ್ದರು. ಒಂದು ಸಂಜೆ ಸೆರಗಿನಲ್ಲಿ ಮನೆಯ ಪತ್ರಗಳನ್ನು ಸುತ್ತಿಕೊಂಡು ಬಂದು, "ಶೆಟ್ಟರೇ, ಇದನ್ನು ನಿಮ್ಮ ಹೆಸರಿಗೆ ಮಾಡಿಸಿಕೊಳ್ಳಿ. ನನಗೆ ಯಾರಿದ್ದಾರೆ?" ಎಂದರು. ತಂದೆಯವರು ಪತ್ರಗಳನ್ನು ಬಿಚ್ಚಲೂ ಇಲ್ಲ. "ಬೇಡ ತಾಯಿ, ನಿಮ್ಮ ತಮ್ಮನ ಮಗನಿಗೆ ಒಂದು ಕಾಗದ ಹಾಕಿ" ಎಂದು ಕೈಮುಗಿದರು. ಆ ತಾಯಿಗೆ ಅದು ಅವಮಾನವೆನಿಸಿರಬೇಕು; ಹಲವು ತಿಂಗಳು ಅಂಗಡಿಯತ್ತ ಸುಳಿಯಲಿಲ್ಲ.

ಅವರು ತೀರಿಕೊಂಡ ಮೇಲೆ, ಒಮ್ಮೆಯೂ ಬಂದು ನೋಡದಿದ್ದ ಆ ಸೋದರಳಿಯನೇ ಬಂದು ಮನೆ ಮಾರಿ ಹೋದನು. ತಂದೆಯವರು ಮಾಡಿದ್ದೇ ಸರಿಯೆಂದು ನಾನು ಬಹುಕಾಲ ನಂಬಿದ್ದೆ. ಈಗ ಅಷ್ಟು ಖಚಿತವಾಗಿ ಹೇಳಲಾರೆ. ಊರಿನ ನಾಲ್ವರ ಎದುರಿನಲ್ಲಿ, ಸೋದರಳಿಯನನ್ನೂ ಕರೆಸಿ, ಕೊನೆಯವರೆಗೆ ನೋಡಿಕೊಳ್ಳುವ ಕರಾರು ಬರೆದುಕೊಂಡಿದ್ದರೆ ಆ ತಾಯಿಯ ಕಡೆಯ ವರ್ಷಗಳು ಅಷ್ಟು ಒಂಟಿಯಾಗಿ ಕಳೆಯುತ್ತಿರಲಿಲ್ಲವೇನೋ. ತಂದೆಯವರು ಅಂಜಿದ್ದು ಲೋಕಾಪವಾದಕ್ಕೋ, ತಮ್ಮ ಮನಸ್ಸಿಗೋ, ನನಗೆ ಹೇಳಲಿಲ್ಲ. ಅವರ ಖಾತೆ ಪುಸ್ತಕದಲ್ಲಿ ಆ ತಾಯಿಯ ಹೆಸರಿನ ಪುಟ ಇಂದಿಗೂ ನಮ್ಮ ಮನೆಯಲ್ಲಿದೆ. ಬಾಕಿ 11 ರೂಪಾಯಿ 50 ಪೈಸೆ. ಅದನ್ನು ಅವರು ಸೋದರಳಿಯನಲ್ಲಿ ಕೇಳಲಿಲ್ಲ, ಪುಸ್ತಕದಲ್ಲಿ ವಜಾ ಹಾಕಲೂ ಇಲ್ಲ.